ಬಯಲಾಟದ ಫೋಟೊಗಳೆಲ್ಲ ಮಸುಕು: ದೋಷ ಲೆನ್ಸಿನದೋ, ನನ್ನದೋ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳ ಹಿಂದೆ ಪರಿಚಿತರೊಬ್ಬರಿಂದ ನಿಕಾನ್ ಡಿಎಸ್‌ಎಲ್‌ಆರ್ ಕ್ಯಾಮೆರಾವೊಂದನ್ನು, ಅದರ ಜೊತೆಗೇ ಬರುವ 18-55 ಎಂಎಂ ಲೆನ್ಸ್ ಸಮೇತ ಕೊಂಡುಕೊಂಡೆ. ಇದು ನನ್ನ ಮೊದಲ ಕ್ಯಾಮೆರಾ. ಹಗಲಿನಲ್ಲಿ ಅಂಗಳದ ದಾಸವಾಳ, ಕೊಟ್ಟಿಗೆಯ ಕರು, ಮಕ್ಕಳು ಎಲ್ಲವೂ ಚೆನ್ನಾಗಿಯೇ ಬಂದವು. ಆದರೆ ಕಳೆದ ವಾರ ಕುಂದಾಪುರದ ಹತ್ತಿರ ನಮ್ಮೂರಿನ ಗದ್ದೆಯಲ್ಲಿ ಹರಕೆಯ ಯಕ್ಷಗಾನ ಆಟವಿತ್ತು. ರಾತ್ರಿಯಿಡೀ ಕುಳಿತು ತೆಗೆದ ಸುಮಾರು 400 ಫೋಟೊಗಳಲ್ಲಿ ಹತ್ತು ಕೂಡ ನಾಲ್ಕು ಜನರಿಗೆ ತೋರಿಸುವಂತಿಲ್ಲ. ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಸ್ಪಷ್ಟವಾಗಿ ಕಂಡ ವೇಷಗಳು ಕಂಪ್ಯೂಟರಿಗೆ ಹಾಕಿ ನೋಡಿದಾಗ ಮಸುಕಾಗಿವೆ, ಮುಖಗಳು ಬಿಳಿಚಿಕೊಂಡು ಬಣ್ಣಗಾರಿಕೆಯೇ ಅಳಿಸಿಹೋದಂತಿವೆ. ರಿಪೇರಿ ಅಂಗಡಿಯವರು ಲೆನ್ಸ್ ಬದಲಿಸಬೇಕೆನ್ನುತ್ತಾರೆ. ಬಲ್ಲವರು ದಾರಿ ತೋರಿಸಬೇಕಾಗಿ ವಿನಂತಿ.

ಉತ್ತರ 1

ಲೆನ್ಸಿಗೆ ದುಡ್ಡು ಸುರಿಯುವ ಮುನ್ನ ಒಂದೆರಡು ದಿನ ತಾಳಿ. ಹಗಲಿನಲ್ಲಿ ದಾಸವಾಳದ ಕೇಸರಗಳನ್ನು ಬಿಡಿಸಿ ತೋರಿಸುವ ಲೆನ್ಸ್ ರಾತ್ರಿಯಾದ ಕೂಡಲೇ ಕೆಟ್ಟುಹೋಗುವುದಿಲ್ಲ. ನಾವು ಒಟ್ಟಾಗಿ ಮಸುಕು ಎಂದು ಕರೆಯುವುದರಲ್ಲಿ ಮೂರು ಬಗೆಗಳಿವೆ: ಕೈ ಅಲುಗಿದ್ದು, ಎದುರಿಗಿರುವವರು ಅಲುಗಿದ್ದು, ಫೋಕಸ್ ಬೇರೆಲ್ಲೋ ಕುಳಿತದ್ದು. ಮೂರಕ್ಕೂ ಮದ್ದು ಬೇರೆ ಬೇರೆ. ಯಾವುದೆಂದು ತಿಳಿಯದೆ ಸೆಟ್ಟಿಂಗ್ ಬದಲಿಸುತ್ತ ಹೋದರೆ ಇನ್ನೊಂದು ಆಟವೂ ಹಾಳಾದೀತು.

ಕೆಟ್ಟ ಚಿತ್ರಗಳಲ್ಲಿ ಮೂರನ್ನು ಆರಿಸಿ ಶೇಕಡಾ 100ರ ಗಾತ್ರಕ್ಕೆ ಹಿಗ್ಗಿಸಿ, ಕಿರೀಟ ಮತ್ತು ಭುಜಕೀರ್ತಿಯ ಮೇಲೆ ಹೊಳೆಯುವ ಚುಕ್ಕೆಗಳನ್ನು ನೋಡಿ. ಚುಕ್ಕೆ ಗೆರೆಯಾಗಿ ಎಳೆದಿದ್ದರೆ ಅಲುಗಾಟ, ದುಂಡಗೆ ಊದಿಕೊಂಡಿದ್ದರೆ ಫೋಕಸ್ ತಪ್ಪು. ಬಳಿಕ ಹಿಂದೆ ಕುಳಿತು ಹಾಡುವ ಭಾಗವತರನ್ನೂ ನೋಡಿ. ಶಟರ್ ವೇಗ, ಅಪರ್ಚರ್ (ಲೆನ್ಸಿನ ಕಿಂಡಿಯ ಅಳತೆ; ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು), ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಎಂಬುದು) ಎಷ್ಟಿದ್ದವೆಂಬುದು ಫೈಲಿನ ವಿವರಗಳಲ್ಲಿಯೇ ಸಿಗುತ್ತದೆ, ಅದನ್ನೂ ಬರೆಯಿರಿ.

ಪ್ರಶ್ನೆ ಕೇಳಿದವರು

ತಾವು ಹೇಳಿದಂತೆಯೇ ನೋಡಿದೆ. ಮೊದಲ ಚಿತ್ರದಲ್ಲಿ ಭಾಗವತರ ಮುಂಡಾಸಿನ ಮಡಿಕೆಗಳನ್ನು ಎಣಿಸಬಹುದು, ಆದರೆ ಕುಣಿಯುತ್ತಿರುವ ವೇಷದ ಕಿರೀಟದಲ್ಲಿ ಚುಕ್ಕೆಗಳೆಲ್ಲ ಬಾಗಿದ ಗೆರೆಗಳಾಗಿವೆ. ವಿವರ: 55 ಎಂಎಂ, ಎಫ್ 5.6, 1/15 ಸೆಕೆಂಡು, ಐಎಸ್‌ಒ 400. ಎರಡನೆಯದರಲ್ಲಿ ವೇಷಧಾರಿ ನಿಂತು ಅರ್ಥ ಹೇಳುತ್ತಿದ್ದಾರೆ. ಚುಕ್ಕೆಗಳು ದುಂಡಗಿವೆ, ಹಿಂದಿನ ಬ್ಯಾನರಿನಲ್ಲಿರುವ ಮೇಳದ ಹೆಸರು ಮಾತ್ರ ಕೊರೆದಿಟ್ಟಂತೆ ಕಾಣುತ್ತದೆ. ಮೂರನೆಯದರಲ್ಲಿ ಟ್ಯೂಬ್‌ಲೈಟ್, ಭಾಗವತರು, ವೇಷ ಎಲ್ಲವೂ ಒಂದೇ ದಿಕ್ಕಿಗೆ ಎಳೆದುಕೊಂಡಿವೆ. ಐಎಸ್‌ಒ ಏರಿಸಿದರೆ ಚಿತ್ರ ಕಾಳುಕಾಳಾಗುತ್ತದೆಂದು ಎಲ್ಲೋ ಓದಿದ್ದರಿಂದ 400ಕ್ಕಿಂತ ಮೇಲೆ ಹೋಗಿರಲಿಲ್ಲ. ಲೆನ್ಸಿನಲ್ಲಿ ಅಲುಗಾಟ ತಡೆಯುವ ವಿಆರ್ ಆನ್ ಇತ್ತು. ಅದಿದ್ದೂ ಹೀಗೇಕಾಯಿತೆಂಬುದೇ ನನಗೆ ಬಿಡಿಸಲಾಗದ ಒಗಟು.

ಉತ್ತರ 1

ಮೂರೂ ಬಗೆಗಳು ಒಂದೇ ರಾತ್ರಿಯಲ್ಲಿ ಸಿಕ್ಕಿವೆ. ಅಂದಮೇಲೆ ಲೆನ್ಸಿನ ಮೇಲಿನ ಆರೋಪವನ್ನು ಕೈಬಿಡಬಹುದು. ಮೊದಲ ಚಿತ್ರದ ಮುಂಡಾಸಿನ ಮಡಿಕೆಗಳೇ ಅದಕ್ಕೆ ಸಾಕ್ಷಿ.

ವಿಆರ್ ತಡೆಯುವುದು ನಿಮ್ಮ ಕೈಯ ನಡುಕವನ್ನು ಮಾತ್ರ, ದಿಗಿಣ (ಸುತ್ತುತ್ತ ಜಿಗಿಯುವ ಕುಣಿತ) ಹಾರುವವರನ್ನು ಅದು ಹಿಡಿದು ನಿಲ್ಲಿಸಲಾರದು. ಭಾಗವತರು ಸ್ಪಷ್ಟವಾಗಿ ಬಂದದ್ದು ವಿಆರ್‌ನ ಕೃಪೆಯಿಂದ. ವೇಷ ಮಸುಕಾದದ್ದು 1/15 ಸೆಕೆಂಡಿನಿಂದ. ಕುಣಿತಕ್ಕೆ ಕನಿಷ್ಠ 1/250 ಬೇಕು. ಅದನ್ನು ಎಲ್ಲಿಂದ ತರುವುದೆಂದರೆ, ಐಎಸ್‌ಒ 400ರಿಂದ 3200ಕ್ಕೆ ಏರಿದರೆ ಎಂಟು ಪಟ್ಟು ಲಾಭ, ಅಂದರೆ 1/15 ಇದ್ದದ್ದು 1/125 ಆಗುತ್ತದೆ. ಉಳಿದ ಒಂದು ಹೆಜ್ಜೆ ನಿಮ್ಮ ಬಿಳಿಚಿದ ಮುಖಗಳಲ್ಲಿಯೇ ಇದೆ. ರಂಗಸ್ಥಳದ ಸುತ್ತಲಿನ ಕತ್ತಲೆಯನ್ನೂ ಲೆಕ್ಕಕ್ಕೆ ಹಿಡಿದು ಕ್ಯಾಮೆರಾ ಬೆಳಕು ಸಾಲದೆಂದು ಭ್ರಮಿಸಿ, ಬೇಕಾದುದಕ್ಕಿಂತ ಹೆಚ್ಚು ಹೊತ್ತು ಶಟರ್ ತೆರೆದಿಟ್ಟಿದೆ. ಚಿತ್ರದ ಬೆಳಕನ್ನು ಬೇಕೆಂದಷ್ಟು ಏರಿಳಿಸುವ ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಮೈನಸ್ 1ಕ್ಕೆ ಇಟ್ಟರೆ ಮುಖದ ಬಣ್ಣ ಮರಳಿ ಬರುತ್ತದೆ, 1/125 ಕೂಡ 1/250 ಆಗುತ್ತದೆ. ಆದ್ದರಿಂದ ಡಯಲನ್ನು ಎಸ್‌ಗೆ (ಶಟರ್ ವೇಗ ನಾವೇ ಆರಿಸುವ ಮೋಡ್) ತಿರುಗಿಸಿ, ಶಟರ್ 1/250 ಎಂದು ಕಟ್ಟಿಹಾಕಿ, ಆಟೋ ಐಎಸ್‌ಒ ಆನ್ ಮಾಡಿ ಮಿತಿಯನ್ನು 3200ಕ್ಕೆ ಇಡಿ. ಮರುದಿನ ಬೆಳಿಗ್ಗೆ ಆ ಮೈನಸ್ 1ನ್ನು ಸೊನ್ನೆಗೆ ತರಲು ಮರೆಯಬೇಡಿ. ಅದನ್ನು ಮರೆತು ಮದುವೆಯೊಂದನ್ನು ಪೂರ್ತಿ ಮಬ್ಬಾಗಿ ತೆಗೆದವನು ನಾನು.

ಕಾಳುಕಾಳಾಗುವ ಭಯ ಹೊಸಬರೆಲ್ಲರಿಗೂ ಇರುತ್ತದೆ. ಕಾಳನ್ನು ಕಂಪ್ಯೂಟರಿನಲ್ಲಿ ತಕ್ಕಮಟ್ಟಿಗೆ ಇಳಿಸಬಹುದು. ಎಳೆದುಹೋದ ಕಣ್ಣನ್ನು ಮತ್ತೆ ಮೂಡಿಸಲಾಗುವುದಿಲ್ಲ.

ಎರಡನೆಯ ಚಿತ್ರದಲ್ಲಿ ಫೋಕಸ್ ಎಲ್ಲಿ ಕೂರಬೇಕೆಂಬ ನಿರ್ಧಾರವನ್ನು ನೀವು ಕ್ಯಾಮೆರಾಕ್ಕೇ ಬಿಟ್ಟಿದ್ದೀರಿ. ಕಪ್ಪು ಬಿಳುಪಿನ ಅಂತರ ಎದ್ದು ಕಾಣುವ ಜಾಗ ಅದಕ್ಕೆ ಸುಲಭದ ತುತ್ತು, ಬ್ಯಾನರಿನ ಅಕ್ಷರಗಳಿಗಿಂತ ಸುಲಭವಾದದ್ದು ಅಲ್ಲಿ ಬೇರೇನಿತ್ತು? ಒಂದೇ ಫೋಕಸ್ ಬಿಂದುವನ್ನು ಆರಿಸಿ ಅದನ್ನು ವೇಷದ ಮುಖದ ಮೇಲಿಡಿ. ಫೋಕಸ್ ಮೋಡನ್ನು ಚಲಿಸುವವರನ್ನು ಬೆನ್ನಟ್ಟುವ ಎಎಫ್-ಸಿಗೆ ಬದಲಿಸಿ. ಎಎಫ್-ಎಸ್‌ನಲ್ಲಿ ಒಮ್ಮೆ ಕುಳಿತ ಫೋಕಸ್, ಕಲಾವಿದರು ಎರಡು ಹೆಜ್ಜೆ ಮುಂದೆ ಬಂದರೂ ಹಳೆಯ ಜಾಗದಲ್ಲಿಯೇ ಉಳಿಯುತ್ತದೆ.

ಮೂರನೆಯದು ಬೆರಳಿನ ದೋಷ. ಗುಂಡಿಯನ್ನು ಒಂದೇ ಏಟಿಗೆ ಒತ್ತುತ್ತಿದ್ದೀರಿ. ಅರ್ಧ ಒತ್ತಿ, ವಿಆರ್ ನೆಲೆಗೊಳ್ಳಲು ಒಂದು ಕ್ಷಣ ಬಿಟ್ಟು, ಆಮೇಲೆ ಪೂರ್ತಿ ಒತ್ತಿ.

ಉತ್ತರ 2

ಮೇಲಿನವರ ಮಾತುಗಳಿಗೆ ಒಂದೆರಡು ಸೇರಿಸುತ್ತೇನೆ. ಇದೇ ಲೆನ್ಸ್ 18 ಎಂಎಂನಲ್ಲಿ ಎಫ್ 3.5ರವರೆಗೆ ತೆರೆಯುತ್ತದೆ, 55ಕ್ಕೆ ಹೋದಾಗ 5.6ಕ್ಕೆ ಕುಗ್ಗುತ್ತದೆ. ಅಂದರೆ ಜೂಮ್ ಮಾಡದೆ ಹತ್ತಿರ ಕುಳಿತರೆ ಎರಡೂವರೆ ಪಟ್ಟು ಬೆಳಕು ಪುಕ್ಕಟೆ ಸಿಗುತ್ತದೆ. ಚೌಕಿಯಲ್ಲಿ (ವೇಷ ಕಟ್ಟುವ ಕೋಣೆ) ಕಲಾವಿದರು ಬಣ್ಣ ಹಚ್ಚಿಕೊಳ್ಳುವುದನ್ನು ತೆಗೆಯುವುದಾದರೆ, ಮೊದಲು ಅವರ ಒಪ್ಪಿಗೆ ಪಡೆದು, ಈ ಉಪಾಯವನ್ನೇ ಬಳಸಿ.

ಫ್ಲ್ಯಾಷ್ ಮಾತ್ರ ಬೇಡ. ಗೈಡ್ ನಂಬರ್ (ಫ್ಲ್ಯಾಷ್‌ನ ಶಕ್ತಿಯ ಅಳತೆ) 12 ಇರುವ ಕ್ಯಾಮೆರಾದೊಳಗಿನ ಫ್ಲ್ಯಾಷ್ ಐಎಸ್‌ಒ 400, ಎಫ್ 5.6ರಲ್ಲಿ ನಾಲ್ಕು ಮೀಟರ್ ದಾಟುವುದೇ ಕಷ್ಟ. ಬೆಳಗುವುದು ಮುಂದಿನ ಸಾಲಿನವರ ತಲೆಗಳು. ಅದಕ್ಕಿಂತ ಮುಖ್ಯವಾಗಿ, ಮಂಡಿ ಹಾಕುವವರ (ಮಂಡಿಯೂರಿ ಗಿರಕಿ ಹೊಡೆಯುವವರ) ಕಣ್ಣಿಗೆ ಬೆಳಕು ಹೊಡೆದರೆ ಆಯ ತಪ್ಪಿ ಬೀಳಬಹುದು.

ಪ್ರಶ್ನೆ ಕೇಳಿದವರು

ನಿನ್ನೆ ಪಕ್ಕದೂರಿನಲ್ಲಿ ಆಟವಿತ್ತು. ಹೇಳಿದಂತೆ ಎಸ್ ಮೋಡ್, 1/250, ಒಂದೇ ಬಿಂದು. ತೆಗೆದ 150ರಲ್ಲಿ 60ಕ್ಕೂ ಹೆಚ್ಚು ಚಿತ್ರಗಳು ಉಳಿದಿವೆ. ಒಂದರಲ್ಲಂತೂ ದಿಗಿಣದ ನಡುವೆ ಗೆಜ್ಜೆ ಕಟ್ಟಿದ ಎರಡೂ ಪಾದಗಳು ನೆಲ ಬಿಟ್ಟಿವೆ, ಕಣ್ಣಿನ ಕಾಡಿಗೆ ನಿಚ್ಚಳವಾಗಿದೆ. ಆದರೆ ಹೊಸದೊಂದು ತೊಂದರೆ: ಬೆನ್ನುಬೆನ್ನಿಗೆ ತೆಗೆದ ಎರಡು ಚಿತ್ರಗಳಲ್ಲಿ ಒಂದು ಸರಿಯಾಗಿದ್ದರೆ ಇನ್ನೊಂದು ಮಬ್ಬಾಗಿ ಹಳದಿಗೆ ತಿರುಗಿದೆ. ಇನ್ನು, 50 ಎಂಎಂ ಎಫ್ 1.8 ಲೆನ್ಸೊಂದು ಬಳಸಿದ್ದು ಅಗ್ಗಕ್ಕೆ ಸಿಗುತ್ತಿದೆ, ಕೊಳ್ಳಬಹುದೇ?

ಉತ್ತರ 2

ಅದು ದೀಪಗಳ ಮಿನುಗು. ನಮ್ಮ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ಟ್ಯೂಬ್‌ಲೈಟಿನಂಥ ದೀಪಗಳು ಸೆಕೆಂಡಿಗೆ 100 ಬಾರಿ ಏರಿಳಿಯುತ್ತವೆ. ಶಟರ್ 1/100ಕ್ಕಿಂತ ಚುರುಕಾದರೆ ಒಮ್ಮೆ ಏರು ಸಿಗುತ್ತದೆ, ಒಮ್ಮೆ ಇಳಿತ. ಅರ್ಥಗಾರಿಕೆಯ ಹೊತ್ತಿನಲ್ಲಿ 1/100ಕ್ಕೆ ಇಳಿಯಿರಿ, ಕುಣಿತ ಶುರುವಾದಾಗ 1/250ರಲ್ಲೇ ನಾಲ್ಕೈದು ಚಿತ್ರಗಳನ್ನು ಒಟ್ಟಿಗೆ ಹೊಡೆದು ಒಳ್ಳೆಯದನ್ನು ಆರಿಸಿಕೊಳ್ಳಿ.

ಉತ್ತರ 1

ಎಫ್ 2ರಲ್ಲಿ ನಿಮಗೆ 5.6ರ ಎಂಟು ಪಟ್ಟು ಬೆಳಕು ಸಿಗುವುದರಿಂದ ಆ ಲೆನ್ಸ್ ಕೊಳ್ಳುವುದು ಒಳ್ಳೆಯದೇ. ಆದರೆ ಮೊದಲು ಅದರ ಮೇಲೆ ಎಎಫ್-ಎಸ್ ಎಂಬ ಬರಹ ಇದೆಯೇ ನೋಡಿ. ನಿಕಾನ್‌ನ 3000 ಮತ್ತು 5000 ಸಾಲಿನ ಕ್ಯಾಮೆರಾಗಳಲ್ಲಿ ಫೋಕಸ್ ಮೋಟರ್ ಇಲ್ಲ; ಹಳೆಯ ಡಿ ಬಗೆಯ 50 ಎಂಎಂ ಹಾಕಿದರೆ ಫೋಕಸ್ಸನ್ನು ಕೈಯಲ್ಲೇ ತಿರುಗಿಸಬೇಕಾಗುತ್ತದೆ. ಗೊಂದಲ ಬೇಡ: ಲೆನ್ಸಿನ ಮೇಲಿನ ಎಎಫ್-ಎಸ್ ಎಂದರೆ ಅದರೊಳಗೆ ಮೋಟರ್ ಇದೆಯೆಂದು ಅರ್ಥ, ಮೆನುವಿನಲ್ಲಿ ಬರುವ ಎಎಫ್-ಎಸ್ ಫೋಕಸ್ ಮೋಡ್. ನಿಮ್ಮ ಕ್ಯಾಮೆರಾವನ್ನೇ ಒಯ್ದು, ಲೆನ್ಸ್ ಸಿಕ್ಕಿಸಿ, ಎರಡು ಚಿತ್ರ ತೆಗೆದು, ಪ್ಲಸ್ ಗುಂಡಿಯಿಂದ ಹಿಗ್ಗಿಸಿ ನೋಡಿದ ಮೇಲೆ ಹಣ ಕೊಡಿ.

ಪ್ರಶ್ನೆ ಕೇಳಿದವರು

ಅವರ ಬಳಿ ಇರುವುದು ಡಿ ಬಗೆಯದೇ ಎಂದು ಫೋನಿನಲ್ಲಿ ತಿಳಿಯಿತು, ಬಿಟ್ಟುಬಿಟ್ಟೆ. ಮೇಳ ಗೆಜ್ಜೆ ಬಿಚ್ಚಿ ಈ ವರ್ಷದ ತಿರುಗಾಟ ಮುಗಿಸುವುದರೊಳಗೆ ನಮ್ಮ ಕಡೆ ಇನ್ನೂ ಎರಡು ಆಟಗಳಿವೆ. ಈ ವರ್ಷಕ್ಕೆ 18-55 ಲೆನ್ಸಿನಲ್ಲೇ, ಮುಂದಿನ ಸಾಲಿನ ಚಾಪೆಯ ಮೇಲೆ ಬೇಗ ಹೋಗಿ ಜಾಗ ಹಿಡಿಯುತ್ತೇನೆ.