ಜೋಮು, ಮರಗಟ್ಟುವುದು: ಎರಡೂ ಒಂದೇನಾ?

ಎಲ್ಲರಿಗೂ ನಮಸ್ಕಾರ.

ಅಮ್ಮನಿಗೆ ಮಂಡಿ ಬದಲಿಸುವ ಆಪರೇಷನ್ ಆಗಿ ಏಳು ವಾರ ಆಯಿತು. ತಪಾಸಣೆಗೆ ಹೋದಾಗ ಡಾಕ್ಟರು "ಜೋಮು ಏನಾದ್ರೂ ಇದೆಯಾ?" ಎಂದು ಕೇಳಿದರು. ಅಮ್ಮ "ಇಲ್ಲ" ಅಂದಳು. ಅವರು ಮುಂದಿನ ಪ್ರಶ್ನೆಗೆ ಹೋದರು. ಸಂಜೆ ಮನೆಯಲ್ಲಿ ಕಾಲು ಒರೆಸಿಕೊಳ್ಳುತ್ತಾ ಅಮ್ಮ, "ನೋಡು, ಇಲ್ಲಿ ಮುಟ್ಟಿದ್ರೆ ಬೇರೆ ಯಾರದ್ದೋ ಕಾಲು ಮುಟ್ಟಿದ ಹಾಗಿದೆ" ಅಂದಳು. ಹೊಲಿಗೆಯ ಗೆರೆಯಿಂದ ಹೊರಮಗ್ಗುಲಿಗೆ ಅಂಗೈಯಗಲ ಜಾಗ. ಟವೆಲ್ಲಿನ ಅಂಚು ಸವರಿದರೆ ಗೊತ್ತೇ ಆಗುವುದಿಲ್ಲ. ಬೆರಳಿಂದ ಒತ್ತಿದರೆ ಮಾತ್ರ ಒಳಗೆಲ್ಲೋ ಒತ್ತಿದ ಹಾಗೆ.

"ಮತ್ತೆ ಡಾಕ್ಟರು ಕೇಳಿದಾಗ ಇಲ್ಲ ಅಂದ್ಯಲ್ಲ?"

"ಅವರು ಕೇಳಿದ್ದು ಜೋಮು. ಜುಮುಜುಮು ಅಂದ್ರೆ ತಾನೇ ಜೋಮು? ಇಲ್ಲಿ ಏನೂ ಅನ್ನಿಸೋದೇ ಇಲ್ವಲ್ಲ!"

ಅಮ್ಮ ಹೇಳಿದ್ದು ಸರಿ ಅಲ್ವಾ? ಡಾಕ್ಟರದ್ದೂ ತಪ್ಪಲ್ಲ. ಚಕ್ಕಲಮಕ್ಕಲ ಹಾಕಿ ಜಾಸ್ತಿ ಹೊತ್ತು ಕೂತರೆ ಮೊದಲು ಕಾಲು ಇದೆಯೋ ಇಲ್ಲವೋ ಅನ್ನುವ ಹಾಗಾಗುತ್ತದೆ. ಕಾಲು ಚಾಚಿದ ಮೇಲೆ ಜುಮುಜುಮು ಶುರು. ಎರಡಕ್ಕೂ ನಾವು "ಜೋಮು ಹಿಡೀತು" ಅಂತಲೇ ಹೇಳುತ್ತೇವೆ. ಎರಡು ನಿಮಿಷದಲ್ಲಿ ಮುಗಿಯುವ ವಿಷಯಕ್ಕೆ ಎರಡು ಪದ ಯಾರಿಗೆ ಬೇಕು? ಆದರೆ ಆಪರೇಷನ್ ಆದ ಮೇಲೆ ಅದೇ ಎರಡು ಹಂತ ತಿಂಗಳುಗಟ್ಟಲೆ ಎಳೆಯುತ್ತದೆ. ಆಗ ಈ ಪದ ಸಾಲದು.

ಹಾಗಾದರೆ "ಮರಗಟ್ಟಿದೆ" ಅನ್ನಬಹುದೇ? ಮರದ ಹಾಗೆ ಆಗುವುದು, ಚೆಂದದ ಪದ. ತೊಡಕೆಂದರೆ ಮರಕ್ಕೆ ಸ್ಪರ್ಶವೂ ಇಲ್ಲ, ಬಾಗುವುದೂ ಇಲ್ಲ. ಚಳಿಗೆ ಬೆರಳು ಮರಗಟ್ಟಿತು ಅನ್ನುವಾಗ ಎರಡೂ ಸೇರಿರುತ್ತದೆ. ಹೊಸ ಮಂಡಿ ಹಾಕಿಸಿಕೊಂಡವರು "ಕಾಲು ಮರಗಟ್ಟಿದೆ" ಅಂದರೆ ವ್ಯಾಯಾಮ ಮಾಡಿಸುವವರು ಬಿಗಿತ ಎಂದುಕೊಂಡು ಇನ್ನೂ ಹತ್ತು ಸಲ ಮಡಚಿಸುತ್ತಾರೆ! "ಸ್ವಾಧೀನ ಇಲ್ಲ" ಅಂದರೆ ಇನ್ನೂ ಅಪಾಯ, ಅದು ಅಲ್ಲಾಡಿಸಲು ಆಗದ್ದಕ್ಕೆ ಹೇಳುವ ಮಾತು. ಪಾದ ಮೇಲೆತ್ತಲು ಆಗದಿದ್ದರೆ ಆ ಮಾತು ಸರಿ, ತಡಮಾಡದೆ ಹೇಳಲೇಬೇಕು. ಚರ್ಮಕ್ಕೆ ಮುಟ್ಟಿದ್ದು ತಿಳಿಯದಿರುವುದು ಬೇರೆ. "ಸ್ಪರ್ಶಜ್ಞಾನವಿಲ್ಲ" ಎನ್ನುವುದು ಕುಷ್ಠರೋಗದ ಪ್ರಚಾರದಲ್ಲಿ ಕೇಳಿ ಕೇಳಿ ಅದಕ್ಕೇ ಅಂಟಿಕೊಂಡಿದೆ. ಅಮ್ಮನ ಮುಂದೆ ಹೇಳಿದ್ದರೆ ಗಾಬರಿಯಾಗುತ್ತಿದ್ದಳು.

ಇನ್ನೊಂದು ಗಮನಿಸಿದೆ. ನೋವು, ಉರಿಗೆ ನಮ್ಮಲ್ಲಿ ಅನುಕರಣ ಪದಗಳಿಗೆ ಬರವೇ ಇಲ್ಲ. ಚುರುಚುರು, ಚುಳ್, ಜುಮ್, ಧಗಧಗ, ಚುಳುಕ್. ಏನೂ ಅನ್ನಿಸದ್ದಕ್ಕೆ ಮಾತ್ರ ಒಂದೂ ಸಿಗಲಿಲ್ಲ. ಸದ್ದೇ ಇಲ್ಲದ್ದನ್ನು ಅನುಕರಿಸುವುದು ಹೇಗೆ, ಅದೂ ನಿಜ.

"ನರ" ಎಂಬ ಪದದ ರಗಳೆ ಬೇರೆ. ಫೋನ್ ಮಾಡಿ ಕೇಳಿದಾಗ ಡಾಕ್ಟರು, "ಸಣ್ಣ ನರ ಕಟ್ ಆಗಿರುತ್ತೆ, ಚಿಂತೆ ಬೇಡ" ಅಂದರು. ಅಮ್ಮ ಎರಡು ದಿನ ಚಿಂತೆ ಮಾಡಿದಳು. ಅವಳ ಪಾಲಿಗೆ ನರ ಅಂದರೆ ಇಂಜೆಕ್ಷನ್ ಚುಚ್ಚುವಾಗ "ನರ ಸಿಗ್ತಿಲ್ಲ" ಅನ್ನುವ ನರ, ರಕ್ತ ಹರಿಯುವುದು. ವಿಷಯ ಇಷ್ಟೇ: ಚರ್ಮದ ಸ್ಪರ್ಶ ತಿಳಿಸುವ ಎಳೆಯಂಥ ಕವಲುಗಳು ಮಂಡಿಯ ಒಳಮಗ್ಗುಲಿಂದ ಹೊರಮಗ್ಗುಲಿಗೆ ಅಡ್ಡಲಾಗಿ ಹೋಗುತ್ತವೆ. ಮಂಡಿಯ ಮುಂದೆ ಉದ್ದಕ್ಕೆ ಕೊಯ್ದರೆ ಅವು ತುಂಡಾಗದೆ ಇರುವುದೇ ಕಷ್ಟ. ನಡಿಗೆಗೂ ಅದಕ್ಕೂ ಸಂಬಂಧವಿಲ್ಲ. "ಅಡ್ಡ ಪರಿಣಾಮ" ಎಂಬ ಪದ ಅಕ್ಷರಶಃ ಒಪ್ಪುವುದು ಇಲ್ಲೊಂದೇ ಕಡೆಯೇನೋ.

ಎರಡು ಪದ ಬೇಕು ಎಂದು ಹಟ ಮಾಡುತ್ತಿರುವುದಕ್ಕೆ ಕಾರಣವಿದೆ. ಕಡಿದ ನರ ಮತ್ತೆ ಬೆಳೆದರೆ ದಿನಕ್ಕೆ ಸುಮಾರು 1 ಮಿಲಿಮೀಟರ್. ಹಾಗೆ ಬೆಳೆಯುವಾಗ ಜುಮುಜುಮು ಅನ್ನಿಸುವುದುಂಟು. ಫ್ರೆಂಚ್ ವೈದ್ಯ ಟಿನೆಲ್ 1915ರಲ್ಲಿ, ಪೆಟ್ಟಾದ ನರದ ಮೇಲೆ ಮೆಲ್ಲಗೆ ತಟ್ಟಿದರೆ ಬರುವ ಜುಮುಜುಮು ನರ ಚಿಗುರುತ್ತಿರುವ ಗುರುತು ಎಂದು ಬರೆದ. ಅವನು ಬಳಸಿದ ಫ್ರೆಂಚ್ ಪದ ಇರುವೆಯಿಂದ ಬಂದದ್ದು. ನಾವೂ "ಇರುವೆ ಹರಿದ ಹಾಗೆ" ಅನ್ನುತ್ತೇವೆ! ಅಂದರೆ ಮೊದಲು ಏನೂ ಗೊತ್ತಾಗದ ಜಾಗದಲ್ಲಿ ಆಮೇಲೆ ಇರುವೆ ಹರಿದರೆ ಅದು ಸುಧಾರಣೆ ಇರಬಹುದು. ಎರಡನ್ನೂ ಜೋಮು ಅಂದುಬಿಟ್ಟರೆ ರೋಗಿಗೆ "ಜೋಮು ಇನ್ನೂ ಹೋಗಿಲ್ಲ" ಅಂತಲೇ ಅನ್ನಿಸುತ್ತದೆ.

ಸದ್ಯಕ್ಕೆ ನಾನು ಜುಮುಜುಮುಗೆ ಜೋಮು ಎಂದೂ, ಇನ್ನೊಂದಕ್ಕೆ ಸುಮ್ನೆ "ಮುಟ್ಟಿದ್ದು ಗೊತ್ತಾಗಲ್ಲ" ಎಂದೂ ಇಟ್ಟುಕೊಂಡಿದ್ದೇನೆ. ಬಿಸಿನೀರಿನ ಚೀಲ ಇಡುವ ಮುಂಚೆ ಕೇಳಲೂ ಇದೇ ಒಳ್ಳೆಯದು, ಗೊತ್ತಾಗದ ಕಡೆ ಸುಟ್ಟರೂ ಗೊತ್ತಾಗದು. ಆದರೆ ಅದು ವಾಕ್ಯ, ಪದವಲ್ಲ. ನಿಮ್ಮ ಕಡೆ ಇದಕ್ಕೆ ಒಂದು ಪದ ಇದೆಯಾ? ಹಲ್ಲು ಕೀಳಿಸಿದ ಮೇಲೆ ತುಟಿಗೆ ಏನಾಗಿದೆ ಅನ್ನುತ್ತೀರಿ? ಸಿಸೇರಿಯನ್ ಆದವರು ಗೆರೆಯ ಸುತ್ತಲಿನ ಚರ್ಮಕ್ಕೆ?

ಮೊನ್ನೆಯಿಂದ ಅಮ್ಮ ಗೆರೆಯ ಅಂಚಿನಲ್ಲಿ ಇರುವೆ ಹರಿದ ಹಾಗಿದೆ ಅನ್ನುತ್ತಿದ್ದಾಳೆ. "ಈ ಸಲ ಕೇಳಿದ್ರೆ ಜೋಮು ಇದೆ ಅನ್ಲಾ?" ಎಂದು ಕೇಳಿದಳು.