ಗೋವಾ ರೈಲು, ಮನೆಮಂದಿ, ಪತ್ರಿಕೆಗೊಂದು ಪ್ರವಾಸ ಬರಹ: ತಯಾರಿ ಹೇಗೆ?

ಡೊಂಬಿವಲಿ_ಓದುಗಿ

ಎಲ್ಲರಿಗೂ ನಮಸ್ಕಾರ. ಡಿಸೆಂಬರಿನಲ್ಲಿ ಮನೆಮಂದಿಯೆಲ್ಲ ಗೋವಾಕ್ಕೆ ಹೋಗುವವರಿದ್ದೇವೆ: ನಾವಿಬ್ಬರು, 8 ಮತ್ತು 12 ವರ್ಷದ ಮಕ್ಕಳು, 70 ದಾಟಿದ ಅತ್ತೆ. ಹಗಲು ರೈಲೇ ಎಂದು ತೀರ್ಮಾನವಾಗಿದೆ. ಇದರ ಮೇಲೆ ಕನ್ನಡದಲ್ಲಿ ಒಂದು ಲೇಖನ ಬರೆದು ಪತ್ರಿಕೆಗೆ ಕಳಿಸುವ ಆಸೆ. ಮುಂದೆ ಇಂಥವೇ ಸೇರಿ ಒಂದು ಪುಸ್ತಕವಾದರೆ ಎಂಬ ಕನಸೂ ಇದೆ, ಇಲ್ಲವೆನ್ನಲಾರೆ.

ಹೋಗುವ ಮೊದಲು ಏನು ಓದಿಕೊಳ್ಳಬೇಕು? ಮಕ್ಕಳನ್ನೂ ಹಿರಿಯರನ್ನೂ ನೋಡಿಕೊಳ್ಳುತ್ತ ಟಿಪ್ಪಣಿ ಮಾಡಿಕೊಳ್ಳುವುದು ಹೇಗೆ? ಬಂದ ಮೇಲೆ ಎಷ್ಟುದ್ದ ಬರೆಯಬೇಕು, ಯಾವ ರೂಪದಲ್ಲಿ ಕಳಿಸಬೇಕು? "ಮನಸ್ಸಿಗೆ ತೋಚಿದ್ದು ಬರೆಯಿರಿ" ಎಂಬ ಉತ್ತರ ಮಾತ್ರ ಬೇಡ, ದಯವಿಟ್ಟು.

ಮಾಟುಂಗಾ_ಕಟ್ಟೆ

ಮೊದಲು ಟಿಕೆಟ್, ಆಮೇಲೆ ಸಾಹಿತ್ಯ. ಮುಂಗಡ ಬುಕಿಂಗ್ 2024ರ ನವೆಂಬರ್ 1ರಿಂದ 120 ದಿನದ ಬದಲು 60 ದಿನಕ್ಕಿಳಿದಿದೆ. ಡಿಸೆಂಬರ್ ಕೊನೆಯ ವಾರವಾದರೆ ಅರವತ್ತನೆಯ ದಿನ ಬೆಳಗ್ಗೆ 8ಕ್ಕೇ ಕೂರಬೇಕು. ಮಾಂಡವಿ ಎಕ್ಸ್‌ಪ್ರೆಸ್ ಬೆಳಗ್ಗೆ ಮುಂಬೈಯ ಸಿಎಸ್‌ಎಂಟಿ ನಿಲ್ದಾಣ ಬಿಟ್ಟು ಸಂಜೆ ಮಡಗಾಂವ್ ಮುಟ್ಟುತ್ತದೆ. ನಿಮಗೆ ಠಾಣೆಯಲ್ಲಿ ಹತ್ತುವುದು ಅನುಕೂಲ.

ಹಿರಿಯರ ಲೋವರ್ ಬರ್ತ್ ಕೋಟಾದ ಆಸೆಗೆ ಅತ್ತೆಯವರ ಟಿಕೆಟ್ ಬೇರೆ ಮಾಡಿಸಬೇಡಿ. ಒಂದು ಟಿಕೆಟ್ಟಿನಲ್ಲಿ ಒಬ್ಬರು ಅಥವಾ ಇಬ್ಬರಿದ್ದರಷ್ಟೇ ಆ ಕೋಟಾ ಸಿಗುವುದು, ಹಾಗೆ ಒಡೆದರೆ ಬೋಗಿಯೇ ಬೇರೆಯಾಗಬಹುದು. ಹಗಲಿನಲ್ಲಿ ಮಿಡಲ್ ಬರ್ತ್ ಹೇಗೂ ಮಡಚಿರುತ್ತದೆ, ಎಲ್ಲರೂ ಕೆಳಗೇ ಕೂರುವುದು. ಸೈಡ್ ಲೋವರ್, ಸೈಡ್ ಅಪ್ಪರ್ ಜೋಡಿ ಸಿಕ್ಕರೆ ಬಿಡಬೇಡಿ: ಹಗಲು ಅದು ಎದುರುಬದುರಿನ ಎರಡು ಕಿಟಕಿ ಸೀಟು. ಬರೆಯುವವರಿಗೆ ಒಂದು, ಮಕ್ಕಳಿಗೆ ಸರದಿಯಲ್ಲಿ ಇನ್ನೊಂದು.

ಸಮುದ್ರ ನೋಡಬಹುದೆಂದು ಬಲಗಡೆಗೇ ಹಟ ಹಿಡಿಯುವವರಿದ್ದಾರೆ. ಕೊಂಕಣ ರೈಲು ಒಳನಾಡಿನಲ್ಲಿ ಸಾಗುತ್ತದೆ, ಕಡಲು ಕಾಣುವುದು ತೀರಾ ಅಪರೂಪ. ಕಾಣುವುದು ನದಿ, ಕೊರಕಲು, ಗದ್ದೆ, ಎಡಕ್ಕೆ ಸಹ್ಯಾದ್ರಿ. ಲೇಖನಕ್ಕೆ ಬೇಕಾದ ಗುರುತುಗಳನ್ನು ಕ್ರಮವಾಗಿ ಮೊದಲೇ ಬರೆದಿಟ್ಟುಕೊಳ್ಳಿ: ರೋಹಾದಿಂದ ಕೊಂಕಣ ರೈಲ್ವೆ ಶುರು, ಚಿಪಳೂಣದ ಹತ್ತಿರ ವಾಶಿಷ್ಠಿ ನದಿ, ಉಕ್ಷಿ ದಾಟಿದ ಮೇಲೆ ಆರೂವರೆ ಕಿಲೋಮೀಟರಿನ ಕರಬುಡೆ ಸುರಂಗ, ರತ್ನಾಗಿರಿ ಬಿಟ್ಟೊಡನೆ 64 ಮೀಟರ್ ಎತ್ತರದ ಪಾನವಲ್ ಸೇತುವೆ, ಥಿವಿಂ ಆದಮೇಲೆ ಮಾಂಡವಿ ನದಿ, ಕರಮಳಿ ಆದಮೇಲೆ ಝುವಾರಿ. ಪಾನವಲ್ ಅರೆ ನಿಮಿಷದಲ್ಲಿ ಮುಗಿದುಹೋಗುತ್ತದೆ. ಮೊದಲೇ ಗೊತ್ತಿಲ್ಲದವರು ಆಗ ಚಹಾದವನಿಗೆ ಚಿಲ್ಲರೆ ಎಣಿಸುತ್ತಿರುತ್ತಾರೆ.

ಮಕ್ಕಳ ಓದಿಗೂ ಇದೇ ಲೆಕ್ಕ. ಖೇಡದಿಂದ ರತ್ನಾಗಿರಿವರೆಗೆ ಸುರಂಗ ಒಂದರ ಹಿಂದೊಂದು ಬರುತ್ತದೆ, ಬೋಗಿಯ ದೀಪ ಹಾಕಿರದಿದ್ದರೆ ಪುಟವೇ ಕಾಣದು. ಹಾಗಾಗಿ ಜೋರಾಗಿ ಓದಿ ಹೇಳುವುದನ್ನು ಪನ್ವೇಲಿನಿಂದ ಖೇಡಿನೊಳಗೆ ಮುಗಿಸಿ, ಸುರಂಗದ ಭಾಗವನ್ನು ಅತ್ತೆಯವರ ಮಾತಿಗೆ ಬಿಡಿ. ತಲೆಗೊಂದು ಪುಸ್ತಕ, ಎಲ್ಲರಿಗೂ ಸೇರಿ ಓದಲು ಸಣ್ಣ ಅಧ್ಯಾಯಗಳ ಇನ್ನೊಂದು. ಹೆಚ್ಚಿಗೆ ಒಯ್ದರೆ ಯಾವುದೂ ಮುಗಿಯುವುದಿಲ್ಲ.

ಮೊದಲೇ ಓದಿಕೊಳ್ಳಲು: ಗೋವೆಯ ಇತಿಹಾಸದ ಒಂದು ಪುಸ್ತಕ, ಕನ್ನಡದ್ದೇ ಹಳೆಯ ಪ್ರವಾಸ ಕಥನ ಒಂದು. ಎರಡನೆಯದನ್ನು ಪೆನ್ಸಿಲ್ ಹಿಡಿದು ಓದಿ. ಊರು ತಲುಪುವ ಮುಂಚೆ ಎಷ್ಟು ಪ್ಯಾರಾ ಕಳೆದಿದ್ದಾರೆ, ಒಂದು ಸ್ಥಳದಿಂದ ಇನ್ನೊಂದಕ್ಕೆ ಯಾವ ವಾಕ್ಯದಲ್ಲಿ ದಾಟಿದ್ದಾರೆ, ಯಾರ ಬಾಯಿಯ ಮಾತನ್ನು ಹಾಗೇ ಇಟ್ಟಿದ್ದಾರೆ, ಇಷ್ಟನ್ನು ಗುರುತು ಹಾಕಿ. ಕನ್ನಡ ಪುಸ್ತಕ ಬಲ್ಲವರನ್ನು ಹುಡುಕುವುದಾದರೆ ಮಾಟುಂಗದ ಮೈಸೂರು ಅಸೋಸಿಯೇಷನ್, ಕರ್ನಾಟಕ ಸಂಘ, ಕಲಿನಾದ ಮುಂಬೈ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಇವೆ. ಇಂಟರ್ನೆಟ್ ಆರ್ಕೈವ್‌ನಲ್ಲಿ ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳೂ ಸಿಗುತ್ತವೆ, ಮನೆಯಲ್ಲಿರುವಾಗಲೇ ಇಳಿಸಿಕೊಳ್ಳಿ. ದಾರಿಯಲ್ಲಿ ಸಿಗ್ನಲ್ ನಂಬುವಂತಿಲ್ಲ.

ಪುಣೆ_ಪ್ರೂಫ್

ಟಿಪ್ಪಣಿ ವಿಷಯ ನಾ ಹೇಳ್ತೀನ್ರಿ. ಅಂಗಿ ಕಿಸೆಯೊಳಗೆ ಹಿಡಿಸುವಂಥ ನೋಟ್‌ಬುಕ್, ಬಾಲ್ ಪೆನ್. ಜೆಲ್ ಪೆನ್ ಬ್ಯಾಡ, ಕರಾವಳಿ ಬೆವರಿಗೆ ಅಕ್ಷರ ಹರಡತಾವ. ಎಡಪುಟದಾಗ ಕಂಡದ್ದು, ಕೇಳಿದ್ದು. ಬಲಪುಟದಾಗ ಬರೇ ಗಟ್ಟಿ ಸಂಗತಿ: ಹೊತ್ತು, ಊರು, ರೇಟು, ಹೆಸರು, ಬಸ್ಸಿನ ಬೋರ್ಡು. ಸ್ಟೇಶನ್ನಿನ ಹಳದಿ ಫಲಕದ ಮೇಲೆ ಸಮುದ್ರಮಟ್ಟದಿಂದ ಎಷ್ಟು ಎತ್ತರ ಅಂತ ಬರೆದಿರತದ, ಅದನ್ನೂ ಹಾಕ್ಕೊಳ್ಳ್ರಿ. ಊರಿಂದ ಊರಿಗೆ ಆ ಅಂಕಿ ಏರೋದು ಇಳಿಯೋದು ನೋಡಿದರ ದಾರಿ ತಾನಾಗೇ ನೆನಪಾಗತದ.

ದಾರ್ಯಾಗ ಪೂರ್ತಿ ವಾಕ್ಯ ಬರೆಯಾಕ ಹೋಗಬ್ಯಾಡ್ರಿ, ಮಕ್ಕಳಿದ್ದಾಗ ಅದು ಆಗೂದಿಲ್ಲ. ನಾಲ್ಕು ಶಬ್ದ ಸಾಕು. ಆದರ ರಾತ್ರಿ ಮಲಗೂಕಿಂತ ಮೊದಲು ಹದಿನೈದು ಮಿನಿಟು ಕೂತು ಆ ನಾಲ್ಕನ್ನ ನಾಲ್ಕು ಸಾಲು ಮಾಡಲೇಬೇಕು. ಇದನ್ನ ಬಿಟ್ಟರ, ವಾಪಸ್ ಬಂದಮ್ಯಾಲೆ "ಹಸಿರು ಬಾಗಿಲು, ಅಜ್ಜಿ, ನಕ್ಕಳು" ಅಂತ ಬರೆದಿರತೀರಿ, ಯಾವ ಬಾಗಿಲು ಯಾವ ಅಜ್ಜಿ ಒಂದೂ ಹೊಳೆಯೂದಿಲ್ಲ.

ಬರೆಯುವಾಗ ಜನ ಮಾಡೋ ದೊಡ್ಡ ತಪ್ಪು ಅಲಾರಾಂನಿಂದ ಶುರು ಮಾಡೋದು. ನಾಲ್ಕಕ್ಕೆ ಎದ್ದದ್ದು, ಬ್ಯಾಗು ತುಂಬಿದ್ದು, ರಿಕ್ಷಾ ಸಿಗದಿದ್ದದ್ದು, ಚಪಾತಿ ಕಟ್ಟಿಕೊಂಡದ್ದು. ಸಂಪಾದಕರು ಮೂರನೇ ಪ್ಯಾರಾಕ್ಕೆ ಬರೂದೇ ಇಲ್ಲ. ಮೊದಲ ಕರಡು ಆದಮ್ಯಾಲೆ ಮೊದಲಿನ ಎರಡು ಪ್ಯಾರಾ ಬೆರಳಿಂದ ಮುಚ್ಚಿ ಓದಿ ನೋಡ್ರಿ. ಲೇಖನಕ್ಕ ಏನೂ ಕೊರತಿ ಆಗದಿದ್ದರ ಕತ್ತರಿಸಿ ಬಿಡ್ರಿ. "ರಮಣೀಯ", "ಕಣ್ಮನ ಸೆಳೆಯುವ", "ಸ್ವರ್ಗವೇ ಧರೆಗಿಳಿದಂತೆ" ಬಂದಲ್ಲೆಲ್ಲ ಬಲಪುಟ ತೆಗೆದು ಅಲ್ಲಿ ನಿಜವಾಗಿ ಏನಿತ್ತು ಅನ್ನೋದನ್ನ ಇಡ್ರಿ.

ಐದೂ ಮಂದಿಗೆ ಸಮಪಾಲು ಕೊಡಬ್ಯಾಡ್ರಿ. ಒಬ್ಬರನ್ನ ಹಿಡೀರಿ. ನನ್ನ ಓಟು ಅತ್ತೆಯವರಿಗೆ. ಕೊಂಕಣ ರೈಲು ಪೂರ್ತಿ ಶುರುವಾದದ್ದು 1998ರ ಜನವರಿಯಾಗ. ಅದಕ್ಕೂ ಮೊದಲು ಮುಂಬೈಯಿಂದ ಕರಾವಳಿಗೆ ಮಂದಿ ಹ್ಯಾಂಗ ಹೋಗತಿದ್ದರು, ಆಗಿನ ಹೆದ್ದಾರಿ 17 ಅಂದರ ಈಗಿನ 66ರ ಮ್ಯಾಲೆ ರಾತ್ರಿ ಬಸ್ಸು ಊಟಕ್ಕ ಎಲ್ಲೆಲ್ಲಿ ನಿಲ್ಲತಿತ್ತು, ಪ್ಯಾಟಿ ತುಂಬ ಏನೇನು ಒಯ್ಯತಿದ್ದರು, ಇವನ್ನ ಒಂದೊಂದಾಗಿ ಕೇಳ್ರಿ. "ಆ ಕಾಲ ಹ್ಯಾಂಗಿತ್ತು" ಅಂತ ಒಟ್ಟಾಗಿ ಕೇಳಿದರ "ಛಲೋ ಇತ್ತು" ಅನ್ನೋ ಉತ್ತರ ಅಷ್ಟೇ.

ಠಾಣೆ_ಟೈಪಿಂಗ್

ನೋಟ್‌ಬುಕ್ ಸರಿ, ಆದರೆ ಅತ್ತೆಯವರ ಮಾತಿಗೆ ರೆಕಾರ್ಡರ್ ಬೇಕೇ ಬೇಕು. ಕೈಯಲ್ಲಿ ಬರೆದುಕೊಳ್ಳುತ್ತಿದ್ದರೆ ಹಿರಿಯರು ಮಾತು ನಿಧಾನ ಮಾಡಿ ಪುಸ್ತಕದ ಭಾಷೆಗೆ ಹೊರಳುತ್ತಾರೆ. ಅವರನ್ನು ಕೇಳಿಯೇ ಆನ್ ಮಾಡಿ. ಓಡುವ ರೈಲಿನ ಸದ್ದು ಮಾತನ್ನು ನುಂಗುತ್ತದೆ, ಫೋನನ್ನು ಅವರ ಮಡಿಲಲ್ಲಿ ಮೈಕ್ ಮೇಲೆ ಬರುವಂತೆ ಇಡಿ. ಹತ್ತು ನಿಮಿಷಕ್ಕೊಂದು ಫೈಲ್ ಮಾಡಿ ಊರಿನ ಹೆಸರಿಟ್ಟರೆ ಹುಡುಕುವುದು ಸುಲಭ. ಮಾತಾಡಿ ಟೈಪ್ ಮಾಡಿಸುವ ಸೌಲಭ್ಯವನ್ನು ರೈಲಿನಲ್ಲಿ ನೆಚ್ಚಬೇಡಿ. ನೆಟ್ ಹೋದರೆ ಅದೂ ಹೋಯಿತು.

ಫೋಟೊ: ಎಸಿ ಬೋಗಿಯ ಗಾಜಿನಲ್ಲಿ ನಿಮ್ಮದೇ ಮುಖ ಮೂಡುತ್ತದೆ. ಫ್ಲ್ಯಾಶ್ ಆಫ್ ಮಾಡಿ ಲೆನ್ಸನ್ನು ಗಾಜಿಗೆ ಒತ್ತಿ ಹಿಡಿಯಿರಿ. ಪತ್ರಿಕೆಗೆ ವಾಟ್ಸ್ಆ್ಯಪಿನಲ್ಲಿ ಫೋಟೊ ಆಗಿ ಕಳಿಸಿದರೆ ಗಾತ್ರ ಕುಗ್ಗಿ ಅಚ್ಚಿಗೆ ಬಾರದಂತಾಗುತ್ತದೆ, ಮೇಲ್‌ಗೆ ಮೂಲ ಫೈಲನ್ನೇ ಲಗತ್ತಿಸಿ. ನಾಲ್ಕೈದು ಸಾಕು, ಪ್ರತಿಯೊಂದಕ್ಕೂ ಒಂದು ಸಾಲಿನ ಶೀರ್ಷಿಕೆ.

ಬರಹ ಯೂನಿಕೋಡ್‌ನಲ್ಲಿರಲಿ, ವರ್ಡ್ ಫೈಲ್ ಆಗಿರಲಿ. ಪಿಡಿಎಫ್ ಕಳಿಸಿದರೆ ಅಲ್ಲಿಯವರು ಮತ್ತೆ ಟೈಪ್ ಮಾಡಬೇಕು, ಯಾರು ಮಾಡುತ್ತಾರೆ? ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪಿಸಿ ಪರಿವರ್ತಿಸುವುದಾದರೆ ಆಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಕಣ್ಣಿಟ್ಟು ನೋಡಿ, ಹೆಚ್ಚಾಗಿ ಕೆಡುವುದು ಅಲ್ಲೇ. ಊರ ಹೆಸರು ಒಂದೇ ರೀತಿ ಇರಲಿ: ಒಂದು ಕಡೆ ಮಡಗಾಂವ್, ಇನ್ನೊಂದು ಕಡೆ ಮಾರ್ಗೋವಾ ಆಗಬಾರದು.

ಪೋಂಡಾ_ಕನ್ನಡಿಗ

ಗೋವಾ ಕಡೆಯಿಂದ ಒಂದು ವಿನಂತಿ. ಮುಂಬೈಯಿಂದ ಬಂದವರ ಲೇಖನಗಳಲ್ಲಿ ಆಗಾಗ "ರೈಲಿನ ಕಿಟಕಿಯಲ್ಲಿ ದೂಧಸಾಗರ ಕಂಡಿತು" ಎಂದಿರುತ್ತದೆ. ಕಾಣಲು ಸಾಧ್ಯವಿಲ್ಲ! ದೂಧಸಾಗರ ಜಲಪಾತ ಇರುವುದು ಕುಳೆಂ–ಕ್ಯಾಸಲ್‌ರಾಕ್ ಘಟ್ಟದಲ್ಲಿ, ಲೋಂಡಾ ಕಡೆಗೆ ಹೋಗುವ ಮಾರ್ಗದಲ್ಲಿ. ನೆಟ್‌ನಿಂದ ಎತ್ತಿದ ಸಂಗತಿ ಸಿಕ್ಕಿಬೀಳುವುದು ಹೀಗೆ.

ಓದುವ ಮನೆಯವರಾದ್ದರಿಂದ ಬೀಚಿಗಿಂತ ಹಳೇ ಗೋವಾ ನಿಮಗೆ ಹೆಚ್ಚು ಕೊಟ್ಟೀತು. ಅದಕ್ಕೆ ಹತ್ತಿರದ ಸ್ಟೇಶನ್ ಕರಮಳಿ, ಮಡಗಾಂವ್ ಅಲ್ಲ. ಭಾರತದ ಮೊದಲ ಅಚ್ಚುಯಂತ್ರ ಬಂದಿಳಿದದ್ದು ಇಲ್ಲೇ, 1556ರಲ್ಲಿ. ಅಬಿಸೀನಿಯಕ್ಕೆ (ಈಗಿನ ಇಥಿಯೋಪಿಯ) ಹೊರಟಿದ್ದದ್ದು ಗೋವಾದಲ್ಲೇ ಉಳಿಯಿತು, ಸೇಂಟ್ ಪಾಲ್ ಕಾಲೇಜಿನಲ್ಲಿ ಕೆಲಸ ಮಾಡಿತು. ಆ ಕಾಲೇಜಿನದು ಈಗ ಊರ ಅಂಚಿನಲ್ಲಿ ಒಂದು ಕಮಾನು ಮಾತ್ರ ನಿಂತಿದೆ. ಟೂರಿಸ್ಟ್ ಬಸ್ಸುಗಳು ನಿಲ್ಲಿಸುವುದಿಲ್ಲ, ರಿಕ್ಷಾದವರಿಗೆ ಹೇಳಿ ಹೋಗಬೇಕು. ಬಾಮ್ ಜೀಸಸ್ ಬೆಸಿಲಿಕಾ 1605ರಲ್ಲಿ ಮುಗಿದದ್ದು, ಹೊರಗೋಡೆಯ ಮುರಕಲ್ಲು ಗಾರೆಯಿಲ್ಲದೆ ಕಾಣುತ್ತದೆ. ತೋಳು, ಮೊಣಕಾಲು ಮುಚ್ಚುವ ಬಟ್ಟೆ ಇರಲಿ. ಪುರಾತತ್ವ ಇಲಾಖೆಯ ಮ್ಯೂಸಿಯಂಗೆ ಶುಕ್ರವಾರ ರಜೆ. ಪಣಜಿಯ ಪಾಟ್ಟೊದಲ್ಲಿ ರಾಜ್ಯ ಕೇಂದ್ರ ಗ್ರಂಥಾಲಯವಿದೆ, 1832ರಲ್ಲಿ ಹುಟ್ಟಿದ್ದು. ಮಕ್ಕಳನ್ನು ಒಂದು ಗಳಿಗೆ ಕೂರಿಸಬಹುದು.

ಕನ್ನಡ ಓದುಗರಿಗೆಂದೇ ಒಂದು ಎಳೆ: ಇಲ್ಲಿನ ಸರ್ಕಾರಿ ಬಸ್ಸಿನ ಹೆಸರೇ ಕದಂಬ. ಗೋವೆಯ ಕದಂಬರ ಕನ್ನಡ ಶಾಸನಗಳಿಂದ ಹಿಡಿದು ಇವತ್ತು ಮಡಗಾಂವ್, ವಾಸ್ಕೋ ಮಾರ್ಕೆಟ್ಟಿನಲ್ಲಿ ಕಿವಿಗೆ ಬೀಳುವ ಉತ್ತರ ಕರ್ನಾಟಕದ ಕನ್ನಡದವರೆಗೆ ಅದೇ ಬಸ್ಸಿನಲ್ಲಿ ಹೋಗಿಬರಬಹುದು.

ಡೊಂಬಿವಲಿ_ಓದುಗಿ

ಎಲ್ಲರಿಗೂ ಧನ್ಯವಾದ. ಕದಂಬ ಬಸ್ಸು ಹೊಳೆದೇ ಇರಲಿಲ್ಲ. ಪ್ರೂಫ್ ಸರ್, ಉದ್ದ ಎಷ್ಟು, ಉತ್ತರಕ್ಕೆ ಎಷ್ಟು ದಿನ ಕಾಯಬೇಕು? ಪುಸ್ತಕದ್ದೂ ಸ್ವಲ್ಪ ಹೇಳಿ, ಬೈದರೂ ಸರಿ.

ಪುಣೆ_ಪ್ರೂಫ್

ಬೈಯ್ಯೂದೇನದ್ರಿ ಅದರಾಗ. ದಿನಪತ್ರಿಕೆ ಪುರವಣಿಗೆ 600ರಿಂದ 800 ಶಬ್ದ, ಮಾಸಿಕಕ್ಕ 1200ರ ಸುತ್ತಮುತ್ತ ಇಟ್ಟುಕೊಳ್ಳ್ರಿ. ಮೊದಲು ಅದೇ ಪತ್ರಿಕೆಯ ಹಿಂದಿನ ಮೂರು ಸಂಚಿಕೆ ತಗೊಂಡು ಪ್ರವಾಸ ಲೇಖನದ ಶಬ್ದ ಎಣಿಸ್ರಿ, ಅದಕ್ಕಿಂತ ಖಾತ್ರಿ ಅಳತಿ ಇಲ್ಲ. ಕರಡು ಮುಗಿದ ಮ್ಯಾಲೆ ಒಂದು ವಾರ ಮುಟ್ಟಬ್ಯಾಡ್ರಿ. ಆಮೇಲೆ ಜೋರಾಗಿ ಓದ್ರಿ, ಉಸಿರು ಕಟ್ಟಿದಲ್ಲಿ ವಾಕ್ಯ ಒಡೀರಿ. ಒಂದು ಸಲಕ್ಕ ಒಂದೇ ಪತ್ರಿಕೆ. ಮೂರು ತಿಂಗಳಾದರೂ ಸುದ್ದಿಯಿಲ್ಲಂದ್ರ ಎರಡು ಸಾಲಿನ ಮೇಲ್ ಹಾಕಿ, "ಬ್ಯಾರೆ ಕಡೆ ಕಳಿಸತೀನಿ" ಅಂತ ತಿಳಿಸಿ ಮುಂದ ನಡೀರಿ. ಡಿಸೆಂಬರ್ ಪ್ರವಾಸದ ಬರಹ ಮುಂದಿನ ರಜಾ ಹಂಗಾಮಿಗೆ ಮೊದಲು ಅವರ ಕೈಗೆ ಸಿಗಬೇಕು. ಮಳೆಗಾಲದಾಗ ಬೀಚಿನ ಲೇಖನ ಯಾರೂ ಹಾಕೂದಿಲ್ಲ.

ಪುಸ್ತಕ ಅಂದರ ಮೊದಲು ಗಣಿತ. ಕನ್ನಡದಾಗ ಹೆಚ್ಚಾಗಿ ಡೆಮಿ 1/8 ಅಳತಿ, 16 ಪುಟಕ್ಕೊಂದು ಫಾರ್ಮ್, ಅಂದರ ಒಟ್ಟಿಗೆ ಅಚ್ಚಾಗಿ ಮಡಚೋ ಹಾಳೆ. ಆರು ಫಾರ್ಮ್ ಅಂದರ 96 ಪುಟ. ಶೀರ್ಷಿಕೆ, ಮುನ್ನುಡಿ, ಪರಿವಿಡಿಗೆ ಹತ್ತು ತೆಗೆದರ 86 ಉಳೀತು. ಪುಟಕ್ಕ 200 ಶಬ್ದ ಹಿಡಿದರ ಸುಮಾರು 17,000. ಅಂದರ 1200 ಶಬ್ದದ ಲೇಖನ ಹದಿನಾಲ್ಕು ಬೇಕು. ಪುಟ 98 ಆದರ ಎರಡು ಪುಟಕ್ಕಾಗಿ ಇನ್ನೊಂದು ಫಾರ್ಮಿನ ಖರ್ಚು ಬೀಳತದ, ಅದಕ್ಕ ಕತ್ತರಿ ಕೈಯಾಗಿರಲಿ. ಪ್ರತಿ ಲೇಖನ ಎಲ್ಲಿ, ಯಾವ ತಾರೀಖಿಗೆ ಅಚ್ಚಾತು ಅನ್ನೋದನ್ನ ಇವತ್ತಿಂದಲೇ ಒಂದು ಹಾಳೆಯಾಗ ಬರೀತಾ ಹೋಗ್ರಿ, ಪುಸ್ತಕದ ಅರಿಕೆಯಾಗ ಕೇಳತಾರ. ಮರುಮುದ್ರಣದ ಹಕ್ಕು ಯಾರ ಕಡೆ ಇರತದ ಅಂತ ಪತ್ರಿಕೆಯವರನ್ನ ಮೊದಲೇ ಕೇಳಿಟ್ಟುಕೊಳ್ಳ್ರಿ. ಐಎಸ್‌ಬಿಎನ್, ಅಂದರ ಪುಸ್ತಕದ ಗುರುತಿನ ಸಂಖ್ಯೆ, ಕೊಡೋದು ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ, ಅದೂ ಪುಕ್ಕಟೆ. ಯಾರರೆ ಅದಕ್ಕ ರೊಕ್ಕ ಕೇಳಿದರ ಕೊಡಬ್ಯಾಡ್ರಿ.