ಅಪ್‌ಡೇಟ್: ರೆಸಾರ್ಟ್‌ಗೂ ಟೂರಿಂಗ್‌ಗೂ ಒಂದೇ ಸ್ಕೀ ಸೆಟ್, ಕೊನೆಗೆ ತಗೊಂಡಿದ್ದು ಇದು

ಹೋದ ವಾರ ಕೇಳಿದ್ದೆನಲ್ಲ, ಸಾಲ್ಟ್ ಲೇಕ್ ಸಿಟಿಯಲ್ಲಿದ್ದೇನೆ, ಹತ್ತಿರದ ಬ್ರೈಟನ್ ಸ್ಕೀ ರೆಸಾರ್ಟ್‌ನಲ್ಲಿ ಲಿಫ್ಟ್ ಹತ್ತಿ ಸ್ಕೀ ಮಾಡೋಕೂ, ಲಿಫ್ಟ್ ಇಲ್ಲದ ವಾಸಾಚ್ ಗುಡ್ಡಗಳನ್ನು ಸ್ಕೀ ಹಾಕ್ಕೊಂಡು ನಡೆದೇ ಹತ್ತೋಕೂ (ಅದೇ ಟೂರಿಂಗ್) ಒಂದೇ ಸೆಟ್ ಸಾಕಾ ಅಂತ. ನನಗಂತೂ ಒಂದೇ ಸೆಟ್ ಸಾಲುತ್ತೆ.

"ಮೊದಲು ಬೂಟು, ಸ್ಕೀ ಆಮೇಲೆ" ಅಂದವರ ಮಾತೇ ಸರಿ. ಅಂಗಡಿಯಲ್ಲಿ ಎರಡು ಗಂಟೆ ಕೂತು ಐದು ಜೋಡಿ ಹಾಕಿ ನೋಡಿದೆ. ವಾಕ್ ಮೋಡ್ (ನಡೆಯುವಾಗ ಕಣಕಾಲು ಬಾಗೋಕೆ ಬಿಡೋ ವ್ಯವಸ್ಥೆ) ಇರುವ, ತುದಿಯಲ್ಲಿ ಪಿನ್ ಕೂರೋ ಗುಳಿ ಇರುವ 120 ಫ್ಲೆಕ್ಸ್ ಬೂಟು ತಗೊಂಡೆ, ಫ್ಲೆಕ್ಸ್ ಅಂದ್ರೆ ಬೂಟು ಎಷ್ಟು ಗಟ್ಟಿ ಅನ್ನೋ ಅಳತೆ. ಬೈಂಡಿಂಗ್ (ಬೂಟನ್ನು ಸ್ಕೀಗೆ ಹಿಡಿದಿಡೋ ಕೊಂಡಿ) ಹೈಬ್ರಿಡ್, ಹತ್ತುವಾಗ ಬೂಟಿನ ತುದಿಯನ್ನು ಪಿನ್ ಹಿಡಿಯುತ್ತೆ, ಇಳಿಯುವಾಗ ಮಾಮೂಲಿ ರೆಸಾರ್ಟ್ ಬೈಂಡಿಂಗ್ ತರಾನೇ ಹಿಡಿಯುತ್ತೆ. ಸ್ಕೀ ನಡುವಲ್ಲಿ 100 ಮಿ.ಮೀ. ಅಗಲ.

ಫ್ರೇಮ್ ಬೈಂಡಿಂಗ್ ಸಲಹೆ ನನಗೆ ಆಗಿಬರಲಿಲ್ಲ. ಬಾಡಿಗೆಗೆ ತಂದು ನೋಡಿದೆ, ಪ್ರತಿ ಹೆಜ್ಜೆಗೂ ಇಡೀ ಫ್ರೇಮ್ ಹಿಮ್ಮಡಿ ಜೊತೆಗೇ ಮೇಲೇಳುತ್ತೆ, ಅರ್ಧ ದಾರಿಗೇ ತೊಡೆ ಸೋತು ಹೋಯ್ತು. ಬರೀ ಹಗುರ ಪಿನ್ ಬೈಂಡಿಂಗ್ ರೆಸಾರ್ಟಿನ ಗಟ್ಟಿ ಹಿಮದಲ್ಲಿ ಕಾಲನ್ನು ಕಟಕಟ ಅಲುಗಾಡಿಸಿತು.

ಗೊತ್ತಿಲ್ಲದ ವಿಷಯ ಒಂದಿತ್ತು. ಟೂರಿಂಗ್ ಬೂಟಿನ ಸೋಲ್ ಎಲ್ಲ ರೆಸಾರ್ಟ್ ಬೈಂಡಿಂಗ್‌ಗೂ ಕೂರಲ್ಲ, ಗೆಳೆಯನ ಸ್ಕೀ ಮೇಲೆ ನಿಲ್ಲೋಕೆ ಹೋಗಿ ಪೆಚ್ಚಾದೆ. ಕೊಳ್ಳೋ ಮೊದಲು ಅಂಗಡಿಯವರ ಹತ್ತಿರ ಕೇಳಿಬಿಡಿ.

ಇನ್ನೊಂದು, ಸ್ಕಿನ್ (ಹತ್ತುವಾಗ ಜಾರದಿರಲಿ ಅಂತ ಸ್ಕೀ ತಳಕ್ಕೆ ಅಂಟಿಸೋ ಪಟ್ಟಿ) ಬಿಚ್ಚಿದ ಮೇಲೆ ಬ್ಯಾಗಿಗೆ ತುರುಕಿದ್ದೆ, ಎರಡನೇ ಸಲ ಹತ್ತುವಾಗ ಅಂಟು ತಣ್ಣಗಾಗಿ ಅಂಟಲೇ ಇಲ್ಲ. ಈಗ ಜಾಕೆಟ್ ಒಳಗೇ ಇಟ್ಕೊಳ್ತೀನಿ, ಹೊಟ್ಟೆ ಮೇಲೆ ಒದ್ದೆ ಬೆಕ್ಕು ಕೂತ ಹಾಗೆ ಇರುತ್ತೆ, ಇರಲಿ. ಬೀಕನ್ (ಹಿಮದಡಿ ಸಿಕ್ಕವರನ್ನು ಪತ್ತೆ ಮಾಡೋ ರೇಡಿಯೋ ಸಾಧನ), ಸಲಿಕೆ, ಪ್ರೋಬ್ (ಹಿಮದೊಳಗೆ ಚುಚ್ಚಿ ಹುಡುಕೋ ಉದ್ದ ಕೋಲು) ತಂದಾಯ್ತು, ಹಿಮಕುಸಿತದ ತರಬೇತಿ ಮುಂದಿನ ಶನಿವಾರ.